ಉಗ್ರಾಣ ಸೇರಿದ ತೆರೆಗಳ ಬಗ್ಗೆ

ಆಸ್ಪತ್ರೆಗಳಿಗೆ ನಿಯಮ ಬರೆಯುವ ವಿಭಾಗದ ಮುಖ್ಯಸ್ಥರೇ, ಮಾನ್ಯರೇ,

ತಮ್ಮ ಆದೇಶವೊಂದರ ಅವಧಿ ಮುಗಿದದ್ದರಿಂದ ನನ್ನ ಅಣ್ಣನ ಎಡಗಣ್ಣು ಹೋಯಿತು. ಆ ಆದೇಶ ಕೆಟ್ಟದ್ದಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕೆಟ್ಟ ಆದೇಶಗಳಿಗೆ ನಾವು ಹೊಂದಿಕೊಂಡಿದ್ದೇವೆ, ಅವು ತಮ್ಮಷ್ಟಕ್ಕೆ ತಾವು ಚಿರಂಜೀವಿಗಳಾಗಿ ನಡೆದುಕೊಂಡು ಹೋಗುತ್ತವೆ. ಇದು ತಾವು ಹೊರಡಿಸಿದವುಗಳಲ್ಲೇ ಅತ್ಯಂತ ಬುದ್ಧಿವಂತ ಆದೇಶವಾಗಿತ್ತು. ಅದನ್ನೇ ತಾವು ಸಾಯಲು ಬಿಟ್ಟಿರಿ. ಹೊಟ್ಟೆ ಉರಿಯುವುದು ಅದಕ್ಕೆ.

ನನ್ನ ಅಣ್ಣ ಹುಟ್ಟು ಕಿವುಡ, ವೃತ್ತಿಯಲ್ಲಿ ದರ್ಜಿ. ಇಕ್ಕಟ್ಟಾದ ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಹೊಲಿಯುತ್ತಾನೆ. ಎದುರಿನ ಗೋಡೆಯ ನಿಲುಗನ್ನಡಿಯಲ್ಲಿ ಬೀದಿಯೆಲ್ಲ ಕಾಣುವುದರಿಂದ, ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಇವನು ಟೇಪು ಹಿಡಿದು ಎದ್ದು ನಿಂತಿರುತ್ತಾನೆ. ಬೀದಿಯವರು ಅವನನ್ನು ಕಣ್ಣಣ್ಣ ಎಂದೇ ಕರೆಯುತ್ತಾರೆ. ಅತ್ತಿಗೆಗೂ ಕಿವಿ ಕೇಳಿಸುವುದಿಲ್ಲ. ಅವರ ಮನೆಯಲ್ಲಿ ಜಗಳ ವಿಪರೀತವಾದರೆ ಅತ್ತಿಗೆ ಎದ್ದು ದೀಪ ಆರಿಸಿಬಿಡುತ್ತಾಳೆ. ಕತ್ತಲಲ್ಲಿ ಅಣ್ಣ ಎಷ್ಟು ಕೈ ಬೀಸಿ ವಾದಿಸಿದರೂ ಕೊನೆಯ ಮಾತು ಅವಳದೇ.

ಸಾಂಕ್ರಾಮಿಕದ ದಿನಗಳಲ್ಲಿ ಆಸ್ಪತ್ರೆಗಳು ರೋಗಿಯ ಜೊತೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಷ್ಟೆ. ಸನ್ನೆ ದುಭಾಷಿಗಳಿಗೂ ಪ್ರವೇಶವಿರಲಿಲ್ಲ. ಆಗ ತಮ್ಮ ವಿಭಾಗದಲ್ಲಿ ಯಾರೋ ಪುಣ್ಯಾತ್ಮರು ಒಂದು ತಾತ್ಕಾಲಿಕ ಆದೇಶ ಬರೆದರು. ಚಕ್ರವಿರುವ ಕಂಬಿಯ ಮೇಲೆ ಒಂದು ವಿಡಿಯೋ ತೆರೆ. ಎಲ್ಲೋ ದೂರದ ಕೋಣೆಯಲ್ಲಿ ಕುಳಿತ ದುಭಾಷಿ ಆ ತೆರೆಯಲ್ಲಿ ಮೂಡಿ ವೈದ್ಯರ ಮಾತನ್ನು ಕೈಯಲ್ಲಿ ಹೇಳುವುದು, ರೋಗಿಯ ಕೈಯನ್ನು ಬಾಯಲ್ಲಿ ಹೇಳುವುದು. ಅಷ್ಟೇ. ನನ್ನ ಅತ್ತಿಗೆ ಹೆರಿಗೆಗೆ ಹೋದದ್ದು ಆಗಲೇ. ನರ್ಸುಗಳ ಬಾಯಿಗೆಲ್ಲ ಮುಸುಕು, ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಹಾಗೂ ಇಲ್ಲ. ಹಾಸಿಗೆಯ ಕಾಲ್ದೆಸೆಯಲ್ಲಿ ನಿಲ್ಲಿಸಿದ್ದ ತೆರೆಯಿಂದ ಒಬ್ಬ ನಡುವಯಸ್ಸಿನ ಹೆಂಗಸು, ಈಗ ಮುಕ್ಕಬೇಡ, ಉಸಿರು ಬಿಡು, ಈಗ ಮುಕ್ಕು, ಇನ್ನೊಂದು ಸಲ, ಎಂದು ಕೊನೆಯವರೆಗೂ ಕೈ ನಿಲ್ಲಿಸದೆ ಹೇಳಿದಳಂತೆ. ಮಗು ಹೊರಬಂದಾಗ ಅವಳೂ ಅತ್ತಳಂತೆ. ಹೆಸರು ಗೊತ್ತಿಲ್ಲದ ಆಕೆಗೆ ನಮ್ಮ ಮನೆಯಲ್ಲಿ ತೆರೆಯಕ್ಕ ಎಂದು ಹೆಸರು.

ಕಾಯಿಲೆ ಹೋಯಿತು. ಕಾಯಿಲೆಯ ಜೊತೆ ಆದೇಶವೂ ಹೋಯಿತು. ಹೋಗುವ ಮುಂಚೆ ಯಾರಾದರೂ ಒಬ್ಬ ಕಿವುಡ ರೋಗಿಯನ್ನು, ಒಬ್ಬ ನರ್ಸನ್ನು, "ಇದರಿಂದ ಏನಾದರೂ ಪ್ರಯೋಜನವಾಯಿತೇ?" ಎಂದು ಕೇಳಿದರೇ? ಬಾಡಿಗೆಯ ಶಾಮಿಯಾನ ಬಿಚ್ಚುವವನೂ ಒಳಗೆ ಯಾರಾದರೂ ಕೂತಿದ್ದಾರೆಯೇ ಎಂದು ಒಮ್ಮೆ ಇಣುಕುತ್ತಾನೆ, ಸ್ವಾಮಿ. ತಾವು ಇಣುಕಲಿಲ್ಲ. "ದುಭಾಷಿಯು ಖುದ್ದು ಹಾಜರಿರತಕ್ಕದ್ದು" ಎಂಬ ಹಳೆಯ ನಿಯಮ ಮತ್ತೆ ಪೀಠವೇರಿತು. ತೆರೆಗಳು ಉಗ್ರಾಣಕ್ಕೆ ಹೋದವು.

ಈಗ ನನ್ನ ಅಣ್ಣನ ಸಂಗತಿ. ಒಂದು ಬೆಳಿಗ್ಗೆ ಅವನು ಕೋಟೊಂದಕ್ಕೆ ಕಾಜಾ ಹಾಕುತ್ತಿದ್ದಾಗ ಎಡಗಣ್ಣಿನ ಅಂಚಿನಿಂದ ಕಪ್ಪು ಪರದೆಯೊಂದು ಇಳಿಯತೊಡಗಿತು. ಕಣ್ಣುಜ್ಜಿಕೊಂಡರೂ ಹೋಗಲಿಲ್ಲ. ಅಂಗಡಿ ಮುಚ್ಚಿ, ಅತ್ತಿಗೆಯನ್ನೂ, ಕಿವಿ ಕೇಳಿಸುವ ಮಗಳನ್ನೂ ಕರೆದುಕೊಂಡು ಅದೇ ಆಸ್ಪತ್ರೆಗೆ ಓಡಿದ. ತೆರೆ ಬೇಕೆಂದು ಗಾಳಿಯಲ್ಲಿ ಚೌಕ ಬರೆದು ತೋರಿಸಿದ. ಅಲ್ಲಿನ ಸಿಬ್ಬಂದಿ ಎಕ್ಸ್‌ರೇ ಕೋಣೆಯ ಕಡೆ ಕೈ ತೋರಿಸಿದರು. ಕೊನೆಗೆ ಯುವ ವೈದ್ಯರೊಬ್ಬರು ಕಾಗದ ಕೊಟ್ಟರು. ಅಣ್ಣ ತನಗೆ ಬರುವ ಕನ್ನಡದಲ್ಲಿ, ಸನ್ನೆಯ ಕ್ರಮದಲ್ಲಿ, "ಕಣ್ಣು ಪರದೆ ಬಿತ್ತು" ಎಂದು ಬರೆದ.

ವೈದ್ಯರು ಅವನ ಕೊರಳಲ್ಲಿ ನೇತಾಡುತ್ತಿದ್ದ ಟೇಪು ನೋಡಿದರು. ಪರದೆ ಹೊಲಿಯುವವನು, ಪರದೆ ತೂಗುಹಾಕುವಾಗ ಕಂಬಿ ಜಾರಿ ಕಣ್ಣಿಗೆ ಬಿದ್ದಿದೆ ಎಂದು ಅರ್ಥ ಮಾಡಿಕೊಂಡರು. "ಪರದೆ ಬಿತ್ತಾ?" ಎಂದು ಬಾಯಿ ಅಗಲಿಸಿ ಕೇಳಿದರು. ಅಣ್ಣ ತುಟಿ ಓದಿ, ಅಬ್ಬ, ಇವರಿಗೆ ತಿಳಿಯಿತು ಎಂದು ಜೋರಾಗಿ ತಲೆಯಾಡಿಸಿದ. ಆ ವೈದ್ಯರನ್ನು ನಾನು ದೂರುವುದಿಲ್ಲ. ಆ ಮೂರು ಪದಗಳನ್ನು ನಾನಾದರೂ ಹಾಗೆಯೇ ಓದುತ್ತಿದ್ದೆನೇನೋ. ಅವರು ಟಾರ್ಚು ಬಿಟ್ಟು ಗಾಯ ಹುಡುಕಿದರು. ಗಾಯವಿರಲಿಲ್ಲ.

ಅಣ್ಣನಿಗೆ ಅನುಮಾನ ಬಂತು. ಬೇರೆ ಊರಿನಲ್ಲಿ ಕೆಲಸಕ್ಕಿರುವ ನನಗೆ ವಿಡಿಯೋ ಕರೆ ಮಾಡಿದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಿಂದ ಸನ್ನೆ: ಕಪ್ಪು, ಮೇಲಿನಿಂದ, ಇಳಿಯುತ್ತಿದೆ. "ಡಾಕ್ಟ್ರೇ, ಒಂದ್ನಿಮಿಷ, ಅವ್ನು ಹೇಳ್ತಿರೋದು ಬೇರೆ!" ಎಂದು ಕೂಗಿದೆ. ನರ್ಸಿನ ದನಿ ಕೇಳಿಸಿತು. "ವಿಡಿಯೋದಲ್ಲಿ ಹೇಳಿದ್ದನ್ನ ತಗೊಳ್ಳೋ ಹಾಗಿಲ್ಲಮ್ಮ, ಈಗ ಆ ರೂಲ್ಸ್ ಇಲ್ಲ. ಕಣ್ಣಿಗೆ ಡ್ರಾಪ್ಸ್ ಕೊಟ್ಟಿದೀವಿ. ದುಭಾಷಿಗೆ ಹೇಳಿ ಕಳ್ಸಿದೀವಿ, ನಾಡಿದ್ದು ಬರ್ತಾರೆ. ಅಲ್ಲೀವರೆಗೂ ಏನಾದ್ರೂ ಇದ್ರೆ ಈ ಮಗು ಇದೆಯಲ್ಲ, ಇದೇ ಹೇಳತ್ತೆ." ನರ್ಸು ಫೋನು ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದಳು, ಆಮೇಲೆ ನನಗೆ ಕಂಡದ್ದು ಆಸ್ಪತ್ರೆಯ ಸೂರು ಮಾತ್ರ. ಆ ಮಗುವಿಗೆ ಇನ್ನೂ ಶಾಲೆಗೆ ಸೇರುವ ವಯಸ್ಸಾಗಿಲ್ಲ, ಮಾನ್ಯರೇ. ತಮ್ಮ ನಿಯಮದ ಪ್ರಕಾರ ತೆರೆಯಕ್ಕ ಅನರ್ಹಳು, ಆ ಮಗು ಅರ್ಹ.

ಅಣ್ಣನ ಫೋನಿಗೆ ಮತ್ತೆ ಕರೆ ಹೋಗಲಿಲ್ಲ, ಆಸ್ಪತ್ರೆಗೆ ಮೇಲಿಂದ ಮೇಲೆ ಫೋನು ಮಾಡಿದೆ. ವಿಚಾರಣೆಯವರು ನಾಡಿದ್ದು, ನಾಡಿದ್ದು ಎಂದೇ ಹೇಳಿದರು. ಸಿಕ್ಕ ಬಸ್ಸು ಹತ್ತಿ ಮರುದಿನ ತಲುಪಿದೆ. ಅಣ್ಣ ಮನೆಯಲ್ಲಿ, ಹೇಳಿದ ಹೊತ್ತಿಗೆ ತಪ್ಪದೆ ಡ್ರಾಪ್ಸ್ ಹಾಕಿಕೊಂಡು, ವಿಧೇಯ ನಾಗರಿಕನಂತೆ ದುಭಾಷಿಗಾಗಿ ಕಾಯುತ್ತಿದ್ದ. ಎಳೆದುಕೊಂಡೇ ಕಣ್ಣಿನ ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯೆ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಹಿಂಬದಿಯ ಪರೆ ಕಿತ್ತು ಬಂದಿದೆ ಎಂದರು.

"ನಿನ್ನೆಯೇ ಯಾಕೆ ಬರ್ಲಿಲ್ಲ?"

"ನಿನ್ನೆಯೇ ಆಸ್ಪತ್ರೆಗೆ ಹೋಗಿದ್ದ, ಡಾಕ್ಟ್ರೇ."

"ಮತ್ತೆ?"

ಆದೇಶದ ಅವಧಿ ಮುಗಿದಿತ್ತು ಎನ್ನಲೇ? ಅವರು ಶಸ್ತ್ರಚಿಕಿತ್ಸೆ ಮಾಡಿದರು. ಪರೆ ಕೂತಿತು, ನೋಟ ಬರಲಿಲ್ಲ. ಎಡಗಣ್ಣಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎಂಬಷ್ಟು ತಿಳಿಯುತ್ತದೆ. ಕಿವಿ ಕೇಳುವವರಿಗೆ ಒಂದು ಕಣ್ಣು ಹೋದರೆ ಒಂದು ಕಣ್ಣು ಹೋಯಿತು. ನನ್ನ ಅಣ್ಣನಿಗೆ ಹಾಗಲ್ಲ, ಅವನ ಪ್ರಪಂಚದ ಒಂದು ಪಕ್ಕ ಪೂರಾ ಮೌನವಾಯಿತು. ಮಗಳು ಎಡಗಡೆಯಿಂದ ಓಡಿಬಂದು ಏನೇನೋ ಸನ್ನೆ ಮಾಡಿ, ಅಪ್ಪ ತಿರುಗಲಿಲ್ಲವೆಂದು ಮುನಿಸಿಕೊಂಡು ಮೂಲೆ ಸೇರುವುದನ್ನು ನಾನು ನೋಡಿದ್ದೇನೆ.

ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ, "ಬದಲಾಗುತ್ತಿರುವ ಕಾಲದಲ್ಲಿ ಆಡಳಿತ" ಎಂಬುದು ಸಭೆಯ ವಿಷಯವೆಂದು ಬಾಗಿಲ ಮೇಲಿನ ಫಲಕ ಹೇಳುತ್ತಿತ್ತು. ತಮ್ಮ ಆಪ್ತ ಸಹಾಯಕರು ಸೌಜನ್ಯದಿಂದಲೇ ಮಾತಾಡಿದರು. "ನೋಡೀಮ್ಮಾ, ಎಲ್ಲಾ ತುಂಬಾ ಸ್ಪೀಡಾಗಿ ಬದಲಾಗ್ತಿದೆ. ಕೈಸನ್ನೆನ ತಾನೇ ಓದೋ ಮಷೀನೇ ಬರತ್ತಂತೆ. ಈಗ ಒಂದು ನಿಯಮ ಮಾಡಿದ್ರೆ ನಾಳೆ ಹಳೇದಾಗತ್ತೆ. ಎಲ್ಲಾ ಒಂದು ಹದಕ್ಕೆ ಬರ್ಲಿ, ಆಮೇಲೆ ಸಮಗ್ರ ನೀತಿ ಮಾಡ್ತೀವಿ."

"ಅಲ್ಲೀವರೆಗೂ?"

"ಅಲ್ಲೀವರೆಗೂ ಹಳೇ ನಿಯಮ ಇದೆಯಲ್ಲ!"

ಇದೇ ನೋಡಿ ನನಗೆ ನುಂಗಲಾಗದ ತುತ್ತು. ನಾಳೆ ಹಳತಾದೀತೆಂದು ಇಂದಿನ ನಿಯಮ ಮಾಡುವುದಿಲ್ಲ; ಎಂದೋ ಹಳತಾದದ್ದನ್ನು ಮಾತ್ರ ನೆಮ್ಮದಿಯಾಗಿ ನಡೆಸುತ್ತೀರಿ. ಹೊಳೆ ಹರಿಯುವುದು ನಿಂತ ಮೇಲೆ ದಾಟುತ್ತೇನೆಂದು ದಡದಲ್ಲಿ ಚಾಪೆ ಹಾಸಿ ಕುಳಿತವನನ್ನು ಜನ ವಿವೇಕಿ ಎನ್ನುತ್ತಾರೆಯೇ? ಭಯದ ದಿನಗಳಲ್ಲಿ ತಾವು ಸೊಗಸಾಗಿ ಕಲಿತಿರಿ. ಭಯ ಹೋದ ಕೂಡಲೇ ಕಲಿತದ್ದನ್ನೆಲ್ಲ ಮರೆಯುವುದೇ ಸಹಜ ಸ್ಥಿತಿಗೆ ಮರಳುವುದೆಂದು ಸಾರಿದಿರಿ. ಯಾರ ಸಹಜ ಸ್ಥಿತಿಗೆ? ನನ್ನ ಅಣ್ಣ ಆಸ್ಪತ್ರೆಯಲ್ಲಿ ನಿಂತು ಗಾಳಿಯಲ್ಲಿ ಚೌಕ ಬರೆಯುವ ಸ್ಥಿತಿಗೇ? ದರ್ಜಿ ಕೂಡ ಕೋಟನ್ನು ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡುತ್ತಾನೆ. ನೋಡಿದ ಮೇಲೆ ಆ ಕೋಟನ್ನೇ ಹರಿದು ಬಿಸಾಡಿ ಅವನ ಅಜ್ಜನ ಅಂಗಿಯನ್ನು ಕೈಗೆ ಕೊಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ತೆರೆಗಳನ್ನು ಈ ವಾರವೇ ಉಗ್ರಾಣದಿಂದ ಹೊರಗೆ ತನ್ನಿ. ಯಂತ್ರ ಬಂದಾಗ ಬರಲಿ, ಅದನ್ನೂ ಪರೀಕ್ಷಿಸಿ, ಸರಿಯಿದ್ದರೆ ಇಟ್ಟುಕೊಳ್ಳಿ, ತಪ್ಪಿದರೆ ತಿದ್ದಿ. ಇನ್ನು ಮುಂದೆ ಯಾವ ತಾತ್ಕಾಲಿಕ ಆದೇಶವೂ ಅದನ್ನು ಬಳಸಿದವರನ್ನು ಕೇಳದೆ ಸಾಯಬಾರದು. ನಿಯಮ ಅಡ್ಡ ಬಂದು ರೋಗಿಗೆ ಅಪಾಯವೆಂದು ಕಂಡರೆ ಅದನ್ನು ಪಕ್ಕಕ್ಕಿಟ್ಟು ಆಮೇಲೆ ಕಾರಣ ಹೇಳುವ ಅಧಿಕಾರ ಆ ನರ್ಸಿಗೂ ಇರಲಿ. ಫೋನು ಮೇಜಿನ ಮೇಲೆ ಮಲಗಿಸಿದ ಕೈಗೆ ಅದನ್ನು ಎತ್ತಿ ಹಿಡಿಯುವ ಧೈರ್ಯವನ್ನು ತಾವೇ ಕೊಡಬೇಕಿತ್ತು.

ಈ ಪತ್ರದಲ್ಲಿ ಏನು ಬರೆಯಲಿ ಎಂದು ಅಣ್ಣನನ್ನು ಕೇಳಿದೆ. ಅವನು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದ. ಒಂದೇ ಕಣ್ಣಿಗೆ ಸೂಜಿಯ ತೂತು ಎಷ್ಟು ದೂರದಲ್ಲಿದೆಯೆಂದು ಅಂದಾಜು ಸಿಗುವುದಿಲ್ಲ. ದಾರ ಕೆಳಗಿಟ್ಟು, ನನ್ನಷ್ಟು ಕೋಪವೂ ಇಲ್ಲದೆ, ಕೈಯಲ್ಲಿ ಹೇಳಿದ: "ಆ ತೆರೆ ಏನು ತಪ್ಪು ಮಾಡಿತ್ತು ಅಂತ ಕೇಳು."

ಕೇಳಿದ್ದೇನೆ. ಉತ್ತರವನ್ನು ಕಾಗದದಲ್ಲಿ ಕಳುಹಿಸಬೇಡಿ. ಒಬ್ಬ ದುಭಾಷಿಯನ್ನು ಕರೆದುಕೊಂಡು ಅವನ ಅಂಗಡಿಗೆ ಬನ್ನಿ, ಎದುರಿಗೆ ನಿಂತು ಹೇಳಿ. ದಯವಿಟ್ಟು ಬಲಗಡೆ ನಿಲ್ಲಿ. ಎಡಗಡೆ ನಿಂತರೆ ತಾವು ಅವನಿಗೆ ಕಾಣಿಸುವುದಿಲ್ಲ.

ಇಂತಿ,
ಅವಧಿ ವಿಸ್ತರಣೆಗೆ ಅರ್ಜಿ ಹಾಕದೆಯೇ ಕೋಪವನ್ನು ಮುಂದುವರಿಸಿಕೊಂಡಿರುವ
ದರ್ಜಿಯೊಬ್ಬನ ತಂಗಿ