ಕೈ ಎತ್ತಿದ ಮೇಲೂ ನುಡಿದ ಕೀಬೋರ್ಡ್

೧೨-೯-೧೯೯೮, ಶನಿವಾರ. ಮಂಜಲ್‌ಪುರ, ವಡೋದರಾ.

ಆ ಕಂಪ್ಯೂಟರ್ ತಲೆಯಿಂದ ಹೋಗುತ್ತಿಲ್ಲ. ಸ್ಟುಡಿಯೋದಲ್ಲಿ ನಮ್ಮ ವಾದ್ಯತಂಡದ ಯಜಮಾನರು ಹಸ್ಮುಖ್‌ಭಾಯಿ ನನ್ನ ಕೀಬೋರ್ಡಿಗೆ ಅದರ ವೈರ್ ಸಿಕ್ಕಿಸಿ, ನವರಾತ್ರಿಯ ಗರ್ಬಾ ಕುಣಿತದ ಹಾಡುಗಳನ್ನೆಲ್ಲ ನುಡಿಸಲು ಹೇಳಿದರು. ನುಡಿಸಿದೆ. ಕೈ ಎತ್ತಿದ ಮೇಲೂ ಕೀಬೋರ್ಡ್ ನನ್ನಂತೆಯೇ ನುಡಿಯುತ್ತಿತ್ತು. ನಾನು ತಾಳ ತಪ್ಪಿದ್ದಲ್ಲಿ ಮಾತ್ರ ಅದು ತಪ್ಪಲಿಲ್ಲ.

ಹನ್ನೊಂದು ವರ್ಷ ಕುಣಿಯುವವರ ಕಾಲು ನೋಡಿಯೇ ವೇಗ ಏರಿಸಿದವನು ನಾನು. ಇದಕ್ಕೆ ಕಾಲು ಕಾಣುತ್ತದೆಯೇ ಎಂದು ಕೇಳಿದೆ. ಇನ್ನು ಕಾಲುಗಳೇ ಇದರ ಹಿಂದೆ ಬರುತ್ತವೆ ಎಂದು ನಕ್ಕರು.

ಕಂಪ್ಯೂಟರಿಗೆ ಸ್ವಂತ ದನಿಯಿಲ್ಲ, ಕೀಬೋರ್ಡ್ ಬೇಕೇ ಬೇಕು ಎಂದು ಅವರು ಹೇಳಿದಾಗ ಎಂಥ ಸಮಾಧಾನ! ನವರಾತ್ರಿ ಮುಗಿಯುವವರೆಗೆ ಅಲ್ಲೇ ಇರಲಿ ಎಂದರು. ಬಿಟ್ಟು ಬಂದೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಹೆಂಡತಿ ಕಾಮಾಕ್ಷಿ ಕೇಳಿದಳು: "ಕೀಬೋರ್ಡ್ ಅಲ್ಲೇ ಇರ್ಲಿ. ನಿಮಗೆ ಯಾವತ್ತು ಬರ್ಲಿಕ್ಕೆ ಹೇಳಿದ್ದಾರೆ?"

ಅದನ್ನು ಅವರು ಹೇಳಲೇ ಇಲ್ಲ.