ಯಜಮಾನರ ಪಥ್ಯ

ಹಲಸೂರು
೨೦ ಏಪ್ರಿಲ್ ೨೦೨೫

ಪ್ರೀತಿಯ ಕುಲ್ಸುಂ,

ಹೇಗಿದ್ದೀಯ? ಮೊಮ್ಮಗಳು ಹುಷಾರಾಗಿದ್ದಾಳಾ? ಈ ಸಲ ನಿಮ್ಮ ರಂಜಾನೂ ಯುಗಾದಿ ಮಾರನೇ ದಿನದ ನಮ್ಮ ಹೊಸತೊಡಕೂ ಒಂದೇ ದಿನ ಬಂದವು. ಅವತ್ತೇ ಬರೆಯಬೇಕಿತ್ತು, ಮೂರು ವಾರ ತಡವಾಯಿತು, ಬೈಯಬೇಡ. ನೀನು ಎದುರು ಮನೆ ಬಿಟ್ಟು ಹುಬ್ಬಳ್ಳಿಗೆ ಹೋದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲ. ಫೋನ್ ಹಿಡಿದರೆ ಮನೆಮಂದಿಗೆಲ್ಲ ಕಿವಿ ನೆಟ್ಟಗಾಗುತ್ತದೆ.

ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಇನ್ನೂರ ಎಂಬತ್ತು ಬಂದದ್ದು ನಿನಗೆ ಗೊತ್ತಲ್ಲ. ಅವರಣ್ಣ ಎದೆ ಹಿಡಿದುಕೊಂಡೇ ಹೋದವರು, ನನ್ನ ಜೀವ ಬಾಯಿಗೆ ಬಂದಿತ್ತು. ಆರು ತಿಂಗಳಿಂದ ದಿನಾ ಕೆರೆ ಕಡೆ ನಡೆಯಲು ಅಟ್ಟುತ್ತಿದ್ದೇನೆ. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಮುದ್ದೆ, ಎಣ್ಣೆ ಸೋಕದ ಸೊಪ್ಪಿನ ಸಾರು. ಬೀಡಿಯನ್ನೂ ಬಿಡಿಸಿದೆ. "ಏನೇ ಇದು, ದನಕ್ಕೆ ಹಾಕ್ದಂಗೆ ಹಾಕ್ತೀಯ?" ಎಂದು ಗೊಣಗುತ್ತಲೇ ತಿನ್ನುತ್ತಾರೆ.

ಮಗ ಆನಂದ್‌ಗೂ ಸೊಸೆ ಭವ್ಯಗೂ ಮಾಮೂಲಿ ಅಡುಗೆಯೇ ಆಗಬೇಕು. ಇವರ ತಟ್ಟೆಯಿಂದ ತೆಗೆದದ್ದನ್ನೆಲ್ಲ ಏನು ಮಾಡಲಿ ಹೇಳು? ಮೊಟ್ಟೆಯ ಬಿಳಿ ಅವರಿಗೆ, ಹಳದಿ ನನಗೆ. ಹಾಲಿನ ಕೆನೆ ನನಗೆ. ಹೊಸತೊಡಕಿಗೆ ಬೀದಿಯವರೆಲ್ಲ ಸೇರಿ ಕುಯ್ದು ಗುಡ್ಡೆ ಹಾಕಿದ ಮಾಂಸದಲ್ಲಿ ನಮ್ಮ ಪಾಲು ಬಂದಾಗ, ಕೊಬ್ಬನ್ನೆಲ್ಲ ಬಿಡಿಸಿ ನನಗೇ ಹುರಿದುಕೊಂಡೆ. ನಮ್ಮತ್ತೆ ದೊಡ್ಡಮುನಿಯಮ್ಮನ ಕೈಕೆಳಗೆ ಪಳಗಿದವಳು, ಎಸೆಯಲು ಮನಸ್ಸು ಬರುವುದಿಲ್ಲ. ಅವರು ನಡೆಯಲು ಹೋದಾಗ ನಾನು ಎರಡು ಥರ ಅಡುಗೆಗೆ ನಿಂತಿರುತ್ತೇನೆ. ಈಚೆಗೆ ಮಹಡಿ ಹತ್ತಿದರೆ ಏದುಸಿರು ಬರುತ್ತದೆ.

ಹೋದ ವಾರ ರಿಪೋರ್ಟ್ ಬಂತು, ನೂರ ತೊಂಬತ್ತು! "ಗೆದ್ಬಿಟ್ಟೆ ಕಣಪ್ಪಾ!" ಎಂದು ಆನಂದ್ ಅಪ್ಪನ ಬೆನ್ನು ತಟ್ಟಿದ. ಭವ್ಯ ಅದರ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಳು. ಇವರು ಮೀಸೆ ತಿರುವುತ್ತಾ ಕೂತಿದ್ದರು. ನನಗೂ ಸಂತೋಷವೇ ಕಣೇ, ಸುಳ್ಳು ಹೇಳುವುದಿಲ್ಲ. ಆದರೂ ಬಚ್ಚಲಿಗೆ ಹೋಗಿ ಅತ್ತೆ.

ನಿನ್ನ ಮಂಡಿನೋವು ವಾಸಿಯಾಗಲಿ. ಮೊಮ್ಮಗಳು ಚೆನ್ನಾಗಿ ಓದಿ ನೂರು ಕಾಲ ಬಾಳಲಿ.

ನಿನ್ನ
ಮುನಿಲಕ್ಷ್ಮಿ

ತಾ.ಕ.: ಇವರಿಗೆ ಸೂಜಿ ಎಂದರೆ ಭಯ, ಧೈರ್ಯ ಬರಲೆಂದು ಅವತ್ತು ಪರೀಕ್ಷೆಗೆ ನಾನೂ ರಕ್ತ ಕೊಟ್ಟಿದ್ದೆ. ನನ್ನದು ಮುನ್ನೂರ ಹತ್ತು. "ಏದುಸಿರು ಅಂತೀರ, ಮನೇವ್ರನ್ನ ಕರ್ಕೊಂಡು ಬೇಗ ಬನ್ನಿ" ಎಂದರು ಡಾಕ್ಟರಮ್ಮ. ನನಗೆ ಹೆದರಿಕೆಯಾಗಿದೆ, ಕುಲ್ಸುಂ. ಯಾರಾದರೂ ಕೇಳಲಿ ಎಂದು ರಿಪೋರ್ಟನ್ನು ಟೀವಿ ಪಕ್ಕದಲ್ಲೇ ಇಟ್ಟಿದ್ದೇನೆ. ನಿನ್ನೆ ಇವರು ಅದರ ಮೇಲೆ ಟೀ ಲೋಟ ಇಟ್ಟರು.