ಗೋಡೆಯ ಶೀತ

ಜುಲೈ 4
ಮತ್ತೆ ಬಂದಿದೆ. ತಂಗಿಯ ಮಂಚದ ತಲೆಯ ಕಡೆ, ಮೂಲೆಯಲ್ಲಿ, ಅಂಗೈಯಗಲ ಬೂಷ್ಟು. ಒರೆಸಿ ಕೆಲಸಕ್ಕೆ ಓಡಿದೆ. ಲಾಡ್ಜಿನ ಲಾಂಡ್ರಿಯಲ್ಲಿ ದಿನವಿಡೀ ಕಂಡವರ ಹಾಸಿಗೆ ಬಟ್ಟೆ ಬೆಳ್ಳಗೆ ಮಾಡುತ್ತೇನೆ. ನಮ್ಮ ಗೋಡೆ ಮಾತ್ರ ಕರ್ರಗೆ.
ತಂಗಿಗೆ ಕೆಮ್ಮು ನಿಂತಿಲ್ಲ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಅಂತ ಕೂಗುವ ಕೆಲಸ ಅವಳದು. ಅರ್ಧಕ್ಕೇ ಉಸಿರು ಕಟ್ಟುತ್ತದಂತೆ.

ಜುಲೈ 7
ಮಹಡಿಗೆ ಹೋಗಿ ಓನರ್ ಆಂಟಿಗೆ ಹೇಳಿದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.
"ರೂಮೊಳಗೆ ಬಟ್ಟೆ ಹರಡ್ತೀರ, ಕಿಟಕಿ ತೆಗೆಯಲ್ಲ. ಬೂಷ್ಟು ಬರದೆ ಇನ್ನೇನು ಬರತ್ತೆ?"
"ನಿಮ್ಮ ಬಾತ್‌ರೂಮ್ ನಮ್ಮ ತಲೆ ಮೇಲೇ ಇದೆಯಲ್ಲ ಆಂಟಿ. ಪೈಪ್ ಒಂದ್ಸಲ ನೋಡ್ಸಿ."
"ಇಷ್ಟ ಇಲ್ದಿದ್ರೆ ಬೇರೆ ಮನೆ ನೋಡ್ಕೊಳ್ಳಮ್ಮ."
ಹಲ್ಲು ಕಚ್ಚಿಕೊಂಡು ಇಳಿದು ಬಂದೆ. ಬಟ್ಟೆಯ ಮಾತು ಸುಳ್ಳಲ್ಲ... ಆದರೆ ಮಳೆಯಲ್ಲಿ ಬಟ್ಟೆಯನ್ನು ಅವರ ತಲೆಯ ಮೇಲೆ ಹರಡಲಾ?

ಜುಲೈ 10, ಸಂಜೆ
ತಂಗಿಯನ್ನು ಮೂಲೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರಿಗೆ ತುಂಬಾ ಅವಸರ. ಬೆನ್ನಿಗೆ ಸ್ಟೆತ್ ಇಟ್ಟು, "ಮನೇಲಿ ಶೀತ ಇದೆಯೇನಮ್ಮ?" ಅಂದರು.
"ಇಲ್ಲ ಡಾಕ್ಟ್ರೇ. ನಾವಿರೋದೇ ಇಬ್ರು. ನಂಗೆ ಒಂದು ಸೀನೂ ಇಲ್ಲ."
ಮಾತ್ರೆ, ಸಿರಪ್. ಬೆಚ್ಚಗಿಡಿ, ಹಬೆ ಕೊಡಿ ಅಂದರು. ಸರಿ, ಅದಕ್ಕೇನು.

ಜುಲೈ 16
ಬೆಳಿಗ್ಗೆ ಹಬೆ, ಸಂಜೆ ಹಬೆ. ಪಾತ್ರೆಯನ್ನು ಮಂಚದ ಪಕ್ಕದಲ್ಲೇ ಸ್ಟೌ ಮೇಲಿಟ್ಟು ಕುದಿಸುತ್ತೇನೆ. ಗಾಳಿ ಬಡಿಯದಂತೆ ಕಿಟಕಿಯ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದ್ದೇನೆ. "ಉಪ್ಪಿನಕಾಯಿ ಹಾಕ್ತಿದೀಯೇನೇ ಅಕ್ಕ ನನ್ನ?" ಅಂತಾಳೆ. ನಗಲು ಹೋಗಿ ಅವಳಿಗೆ ಕೆಮ್ಮು ಹತ್ತಿತು. ಮೈಕಿಗೆ ಬೇರೆ ಹುಡುಗಿಯನ್ನು ಕೂರಿಸಿದ್ದಾರೆ.
ಬೂಷ್ಟು ಬೀರುವಿನ ಹಿಂದಕ್ಕೂ ಹಬ್ಬಿದೆ. ಹಾಳು ಮಳೆ.

ಜುಲೈ 21
ರಜೆ. ತಲೆ ಕೆಟ್ಟುಹೋಯಿತು. ತಂತಿ ಬ್ರಷ್ ತಂದು ಗೋಡೆಯನ್ನು ಗಸಗಸ ಉಜ್ಜಿದೆ, ಒಣ ಒಣ. ಕಪ್ಪು ಪುಡಿ ರೂಮಿನ ತುಂಬ ಹಾರಿತು. ತಂಗಿ ಮಲಗಿದ್ದಳು. ಎಬ್ಬಿಸೋದು ಬೇಡ ಅಂದುಕೊಂಡೆ. ಗೋಡೆ ಚೆನ್ನಾಗಿ ಕಾಣುತ್ತಿದೆ. ಈಗ ಎದ್ದಳು ಅನಿಸುತ್ತದೆ, ಏನೋ ಸದ್ದು...

ಜುಲೈ 27, ಆಸ್ಪತ್ರೆ
ಇವತ್ತು ಆಕ್ಸಿಜನ್ ತೆಗೆದರು. ಇಲ್ಲಿಯವರೆಗೆ ಬರೆಯಲು ಕೈ ಬರಲಿಲ್ಲ. ಗೋಡೆ ಉಜ್ಜಿದ ದಿನ ಅವಳು ಎದ್ದಾಗ ತುಟಿ ನೀಲಿಯಾಗಿತ್ತು.
ಇಲ್ಲಿಯ ಲೇಡಿ ಡಾಕ್ಟರ್ ಕೂರಿಸಿಕೊಂಡು ಎಲ್ಲ ಕೇಳಿದರು. ಹಬೆ, ಕಿಟಕಿ, ಬ್ರಷ್, ಎಲ್ಲ ಹೇಳಿದೆ.
"ಮನೇಲಿ ಶೀತ ಇದೆಯಾ ಅಂತ ಮೊದಲು ಯಾರೂ ಕೇಳ್ಲಿಲ್ವಾ?"
"ಕೇಳಿದ್ರು. ಯಾರಿಗೂ ಇಲ್ಲ ಅಂದೆ."
ಅವರು ಪೆನ್ನು ಕೆಳಗಿಟ್ಟರು. "ಮನುಷ್ಯರಿಗಲ್ಲಮ್ಮ. ಗೋಡೆಗೆ."
ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ಅವಳು ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಆ ಗೋಡೆಗೆ ನೀರು ಕುಡಿಸಿ ಸಾಕಿದ್ದೆ.

ಜುಲೈ 29
ಡಾಕ್ಟರ್ ಹೇಳಿದಂತೆಯೇ ಮಾಡಿದೆ. ಮಾಸ್ಕ್, ಗ್ಲೌಸ್. ಕಿಟಕಿಯ ಬಟ್ಟೆ ಕಿತ್ತೆಸೆದೆ. ಒಣ ಬ್ರಷ್ ಮುಟ್ಟಲಿಲ್ಲ. ಸೋಪು ನೀರಿನ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಬಿಸಾಡಿದೆ. ದಿಂಬು, ಹಾಸಿಗೆಯೂ ಕಸಕ್ಕೆ ಹೋದವು. ಬೀರುವನ್ನು ಗೋಡೆಯಿಂದ ಈಚೆಗೆ ಎಳೆದು ಫ್ಯಾನ್ ಹಾಕಿದೆ.

ಜುಲೈ 31
ಗೋಡೆ ಒಣಗಲಿಲ್ಲ. ಬೀರುವಿನ ಹಿಂದೆ ಗಾರೆಯೇ ಮೆತ್ತಗಾಗಿದೆ. ಬೆರಳಿಟ್ಟರೆ ಒಳಗೆ ಹೋಗುತ್ತದೆ. ಮಹಡಿಯಲ್ಲಿ ಯಾರೋ ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ನೀರಿನ ಗೆರೆ ಇಳಿಯಿತು. ಆಂಟಿಯನ್ನು ಕೈ ಹಿಡಿದು ಕರೆತಂದು ತೋರಿಸಿದೆ. ನೋಡಿ, ಕೈ ಬಿಡಿಸಿಕೊಂಡು ಮಹಡಿ ಹತ್ತಿದರು.

ಆಗಸ್ಟ್ 1
ಪೈಪಿನವನು ಬರುತ್ತಾನೆ ಅಂದುಕೊಂಡಿದ್ದೆ. ಬಂದವನು ಪೇಂಟರ್.
"ಒಳಗೆ ಇನ್ನೂ ನೀರಿದೆ. ಈಗ ಬಳೀಬೇಡಿ ಅಣ್ಣ."
"ನಂಗೂ ಕಾಣ್ಸತ್ತಮ್ಮ. ಇವತ್ತೇ ಮುಗ್ಸು ಅಂದಿದ್ದಾರೆ, ಏನ್ ಮಾಡ್ಲಿ?"
ಮಧ್ಯಾಹ್ನಕ್ಕೆ ರೂಮು ಬೆಳ್ಳಗೆ, ಮದುವೆ ಮನೆ ಥರ. ಆಂಟಿ ಬಾಗಿಲಲ್ಲಿ ನಿಂತು, "ಈಗ ಸರಿ ಹೋಯ್ತಲ್ಲ," ಅಂದರು. ಉಗಿಯಬೇಕು ಅನಿಸಿತು. ಉಗಿಯಲಿಲ್ಲ.

ಆಗಸ್ಟ್ 3
ಮನೆ ಹುಡುಕಿ ಕಾಲು ಬಿದ್ದುಹೋಗಿದೆ. "ಇಬ್ರೇ ಹೆಂಗಸರಾ?" ಅಂತಾರೆ, ಆಮೇಲೆ ಫೋನ್ ಎತ್ತಲ್ಲ. ಲಾಡ್ಜಿನ ಮ್ಯಾನೇಜರನ್ನು ಒಂದು ರೂಮು ಕೇಳಿದೆ. ಸ್ಟಾಫಿಗೆ ಕೊಡಲ್ಲವಂತೆ. ಆ ಹಾಸಿಗೆಗಳನ್ನೆಲ್ಲ ಒಗೆಯೋದು ನಾನೇ.

ಆಗಸ್ಟ್ 4, ಬೆಳಿಗ್ಗೆ
ಡಿಸ್ಚಾರ್ಜ್ ಅಂದರು. ಬೆಡ್ ಬೇಕಂತೆ. ಆ ರೂಮಿಗೆ ಮಾತ್ರ ಬೇಡ, ಇನ್ನೊಂದು ಸಲ ಹೀಗಾದರೆ ಉಳಿಸೋದು ಕಷ್ಟ ಅಂತಲೂ ಅಂದರು, ಅವಳಿಗೆ ಕೇಳದ ಹಾಗೆ. ಗೊತ್ತು ಡಾಕ್ಟರೇ, ಗೊತ್ತು.
ತಂಗಿ ಆಗಲೇ ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟಿ ಕೂತಿದ್ದಾಳೆ. "ನನ್ನ ಮಂಚದಲ್ಲಿ ಮಲಗಿದ್ರೆ ಸಾಕು ಅನ್ಸಿದೆ. ಬೇಗ ಹೋಗಿ ಆಟೋ ಕರಿಯೇ ಅಕ್ಕ," ಅಂತಾಳೆ. ಹೋಗಬೇಕು. ಹತ್ತಿದ ತಕ್ಷಣ ಎಲ್ಲಿಗೆ ಅಂತ ಕೇಳುತ್ತಾನಲ್ಲ ಆಟೋದವನು, ಅವನಿಗೆ ಏನಂತ...